ಮನೆಯ ಋಣ ಬರೆಯುವವರು ಯಾರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರು ಮನೆ ಕಟ್ಟುತ್ತಿದ್ದರು. ಈಗಿನವರು ಹೆಚ್ಚಾಗಿ ಕೊಳ್ಳುತ್ತಾರೆ, ಮಾರುತ್ತಾರೆ. ಕೊಂಡವನಿಗೆ ಒಳ್ಳೆಯದಾದರೆ 'ಅವನ ಅದೃಷ್ಟ' ಎನ್ನುತ್ತೇವೆ. ಕೊಂಡ ಮನೆ ಕೈಬಿಟ್ಟು ಹೋದರೆ 'ಅವನಿಗೆ ಆ ಮನೆಯ ಋಣ ಇರಲಿಲ್ಲ' ಎನ್ನುತ್ತೇವೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಮೋಸ ಮಾಡಿದವರಾರು, ಕಣ್ಣು ಮುಚ್ಚಿ ಕುಳಿತ ಕಚೇರಿ ಯಾವುದು, ಕಾನೂನು ಯಾರ ಪರವಾಗಿತ್ತು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಆದುದರಿಂದ ಈ ಋಣದ ಲೆಕ್ಕ ಬರೆಯುವವರು ಯಾರೆಂಬುದನ್ನು ಕೊಂಚ ವಿಚಾರ ಮಾಡುವುದು ಅಗತ್ಯವೆಂದು ನಮಗೆ ತೋರುತ್ತದೆ.

ಋಣ ಎಂಬ ಮಾತು ಸರಕಾರದ ದಫ್ತರದಲ್ಲಿಯೂ ಉಂಟು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಋಣಭಾರ ಪತ್ರ ಸಿಗುತ್ತದೆ. ಜನ ಅದನ್ನು ಇ.ಸಿ. ಎಂದು ಕರೆಯುತ್ತಾರೆ. ಆ ಸ್ವತ್ತನ್ನು ಯಾರು ಯಾರಿಗೆ ಮಾರಿದರು, ಎಲ್ಲಿ ಅಡವಿಟ್ಟರು ಎಂಬುದು ನೋಂದಣಿಯಾದಷ್ಟು ಮಟ್ಟಿಗೆ ಅದರಲ್ಲಿರುತ್ತದೆ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು ಅದರಲ್ಲಿ ಕಾಣುವುದಿಲ್ಲ. ಇಷ್ಟು ತಿಳಿದುಕೊಂಡರೆ ಎಷ್ಟೋ ಮನೆಗಳ 'ಋಣ' ಮೊದಲೇ ಗೊತ್ತಾಗುತ್ತದೆ. ಆದರೆ ಬಾಗಿಲು ಯಾವ ದಿಕ್ಕಿಗಿದೆ, ಅಡಿಗೆಮನೆ ಯಾವ ಮೂಲೆಯಲ್ಲಿದೆ ಎಂದು ನೋಡಲು ವಾಸ್ತು ಪಂಡಿತರನ್ನು ಕರೆಸಿ ದಕ್ಷಿಣೆ ಕೊಡುವವರು, ಪತ್ರ ಓದಿಸಲು ಒಬ್ಬ ತಿಳಿದವರ ಬಳಿಗೆ ಹೋಗುವುದಿಲ್ಲ. ಆಗ್ನೇಯ ಸರಿಯಿದ್ದು ಕ್ರಯಪತ್ರ ಸರಿಯಿಲ್ಲದ ಮನೆಯಿಂದ ಒಕ್ಕಲೆಬ್ಬಿಸುವುದನ್ನು ಯಾವ ವಾಸ್ತುವೂ ತಡೆಯದು.

ಪಟ್ಟಣದ ಅಂಚಿನ ಹೊಲಗಳನ್ನು ನೋಡಿರಿ. ಭೂಪರಿವರ್ತನೆ ಇಲ್ಲ, ಬಡಾವಣೆಯ ನಕ್ಷೆಗೆ ಮಂಜೂರಾತಿ ಇಲ್ಲ. ಸುಣ್ಣದಲ್ಲಿ ಗೆರೆ ಎಳೆದು, ಕಲ್ಲು ನೆಟ್ಟು, ಸೈಟು ಎಂದು ಮಾರುತ್ತಾರೆ. ಕೊಳ್ಳುವವರು ಹಮಾಲರು, ಬೀಡಿ ಕಟ್ಟುವವರು, ಗಾರೆ ಕೆಲಸದವರು. ತಿಂಗಳ ಕಂತು ಕಟ್ಟಿ ಕೊಳ್ಳುತ್ತಾರೆ. ಕೊನೆಗೆ ಅವರ ಕೈಗೆ ಬರುವುದು ಎಷ್ಟೋ ವೇಳೆ ಕ್ರಯಪತ್ರವಲ್ಲ, ಜನರಲ್ ಪವರ್ ಆಫ್ ಅಟಾರ್ನಿ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಸ್ವತ್ತಿನ ಕ್ರಯ ನೋಂದಣಿಯಾದ ಪತ್ರದಿಂದಲೇ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಹೇಳಿದೆ. ಇಂಥ ಅಧಿಕಾರಪತ್ರದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಮತ್ತೆ ಸಾರಿ ಹೇಳಿತು. 500 ಚದರ ಮೀಟರು ಮೀರಿದ ಬಡಾವಣೆಯ ಸೈಟುಗಳನ್ನು ಮಾರುವ ಮುನ್ನ ಪ್ರಾಧಿಕಾರದಲ್ಲಿ ನೋಂದಾಯಿಸಬೇಕೆಂದು 2016ರ ರೇರಾ ಕಾಯಿದೆ ವಿಧಿಸಿದೆ. ಕಾಯಿದೆಗಳು ಇವೆ, ಹೊಲದಲ್ಲಿ ಕಲ್ಲುಗಳೂ ಇವೆ. ಹಾಡೇ ಹಗಲು ನೆಟ್ಟ ಕಲ್ಲು ಅಧಿಕಾರಿಗಳ ಕಣ್ಣಿಗೆ ಬೀಳದಿದ್ದುದು ಯಾರ ಗ್ರಹಚಾರ?

ಓದಿದ ಕೆಲವರು ಇದಕ್ಕೆ ಬೇರೊಂದು ಸಮಾಧಾನ ಹೇಳುತ್ತಾರೆ: 'ಹಣೆಬರಹವೂ ಇಲ್ಲ, ಏನೂ ಇಲ್ಲ, ಕೊಂಡವನು ನೋಡಿ ಕೊಳ್ಳಬೇಕಿತ್ತು, ಆಯ್ಕೆ ಅವನದೇ.' ಈ ಮಾತಿನಲ್ಲಿ ಅರ್ಧ ಸತ್ಯವಿದೆ. ನೋಡಿ ಕೊಳ್ಳಬೇಕು, ನಿಜ. ಆದರೆ ಎರಡು ಅಂಗಡಿಯಲ್ಲಿ ಬೆಲೆ ವಿಚಾರಿಸಲು ಶಕ್ತಿಯಿದ್ದವನಿಗೆ ಮಾತ್ರ ಆಯ್ಕೆ ಎಂಬ ಮಾತು ಒಪ್ಪುತ್ತದೆ. ಮಂಜೂರಾದ ಬಡಾವಣೆಯ ಬೆಲೆ ಕೈಗೆ ಎಟುಕದು. ಎಟುಕುವುದು ಈ ಕಲ್ಲು ನೆಟ್ಟ ಹೊಲ ಒಂದೇ. ಒಂದೇ ಬಾಗಿಲು ತೆರೆದಿಟ್ಟು, ಆ ಬಾಗಿಲಿನಿಂದ ಒಳಗೆ ಬಂದವನನ್ನು 'ಇದನ್ನೇ ಏಕೆ ಆರಿಸಿದೆ?' ಎಂದು ಕೇಳುವುದು ನ್ಯಾಯವಲ್ಲ.

ಮಾರುವವನ ಪಾಡೂ ಇದೇ. ಆಷಾಢದಲ್ಲಿ ಮನೆ ಕೊಳ್ಳಬಾರದೆಂದು ಜನ ನಂಬುತ್ತಾರೆ. ಉಳ್ಳವನು ಶ್ರಾವಣದವರೆಗೆ ಕಾದು ಮಾರುತ್ತಾನೆ. ಆಸ್ಪತ್ರೆಯ ಬಿಲ್ಲು, ಬಡ್ಡಿಯ ಗಡುವು ತಲೆಯ ಮೇಲಿದ್ದವನಿಗೆ ಆಷಾಢವಿಲ್ಲ, ಶ್ರಾವಣವಿಲ್ಲ. ಗಿರಾಕಿ ಇಲ್ಲದ ತಿಂಗಳಲ್ಲಿ ಸಿಕ್ಕ ಬೆಲೆಗೆ ಕೊಡುತ್ತಾನೆ. ಶಾಸ್ತ್ರವನ್ನು ಬದಿಗಿಟ್ಟು ಅಗ್ಗಕ್ಕೆ ಕೊಂಡವನು ತನ್ನ ಜಾತಕ ಚೆನ್ನಾಗಿದೆ ಎಂದು ಹೇಳಿಕೊಳ್ಳುತ್ತಾನೆ.

ಅದೃಷ್ಟವೆಂಬುದು ಇಲ್ಲವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ರೋಗ ಹೇಳಿ ಕೇಳಿ ಬರುವುದಿಲ್ಲ. ಮಳೆ ಬಂದು ಒಬ್ಬನ ಗೋಡೆ ಬೀಳುತ್ತದೆ, ಪಕ್ಕದವನದು ನಿಲ್ಲುತ್ತದೆ. ಆದರೆ ರೋಗ ಬಂದುದು ಅದೃಷ್ಟವಾದರೂ, ಅದರ ಚಿಕಿತ್ಸೆಗೆ ಮನೆ ಮಾರಬೇಕಾದುದು ಅದೃಷ್ಟವಲ್ಲ, ಅದು ವ್ಯವಸ್ಥೆ. ಊರ ಹೊರಗೆ ಹೊಸ ರಸ್ತೆ ಬಂದು ಸೈಟಿನ ಬೆಲೆ ಏರಿದರೆ ಒಬ್ಬೊಬ್ಬ ಬಡವನಿಗೂ ಭಾಗ್ಯ ಬರಬಹುದು. ರಸ್ತೆಯ ನಕ್ಷೆಯನ್ನು ಮೊದಲೇ ನೋಡಿದ ಪುಢಾರಿಗೆ ಮಾತ್ರ ಆ ಭಾಗ್ಯ ತಪ್ಪದೆ ಬರುತ್ತದೆ.

ಹೆಣ್ಣುಮಕ್ಕಳ ಮಾತು ತೆಗೆದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 'ಹೆಣ್ಣಿಗೆ ತವರುಮನೆಯ ಋಣ ಮದುವೆಯವರೆಗೆ' ಎಂದು ಹೇಳಿಕೊಂಡು ಬಂದೆವು. ಇದನ್ನು ಬರೆದವನು ಬ್ರಹ್ಮನಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೆಯ ಕಲಮಿನಲ್ಲಿಯೇ ಅದು ಇತ್ತು: ಗಂಡು ವಾರಸುದಾರರು ಪಾಲು ಮಾಡಿಕೊಳ್ಳುವವರೆಗೆ, ಕುಟುಂಬ ವಾಸಿಸುವ ಮನೆಯಲ್ಲಿ ಮಗಳು ಪಾಲು ಕೇಳುವಂತಿರಲಿಲ್ಲ. ಆ ಕಲಮನ್ನು 2005ರಲ್ಲಿ ತೆಗೆದುಹಾಕಿದರು. ಮಗಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಬಂದಿತು. ಇಂದಿಗೂ ಮನೆ ಮಾರುವಾಗ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಯುವುದು ಕೊನೆಯ ದಿನ, ಸಹಿ ಹಾಕುವುದಕ್ಕೆ. ಒಂದು ಸೀರೆ, ಒಂದು ಊಟ. ಕರೆಯದೇ ಮಾರಿದರೆ ಕೊಂಡವನು ಕೋರ್ಟಿನ ಮೆಟ್ಟಿಲು ಹತ್ತಬೇಕು. ಇಬ್ಬರ ಕಷ್ಟಕ್ಕೂ ಮೂಲ ಒಂದೇ: ಕೇಳಬೇಕಾದವರನ್ನು ಕೇಳದಿದ್ದುದು.

ಹಣೆಬರಹ ಅಳಿಸಿ ಬರೆಯಲಾಗದ್ದೆಂದು ಹೇಳುವವರಿಗೆ ನಮ್ಮ ನಾಡಿನ ಚರಿತ್ರೆಯೇ ಉತ್ತರ. ಭೂಮಾಲಿಕನ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಕಾರ, ಒಡೆಯನ ಮುಖ ಕೆಂಪಾದ ದಿನ ಗಂಟುಮೂಟೆ ಕಟ್ಟಬೇಕಾಗಿತ್ತು. ಅದನ್ನೂ ಕರ್ಮವೆಂದೇ ಕರೆದರು. 1951ರ ಕಾಗೋಡು ಸತ್ಯಾಗ್ರಹದಿಂದ ಎದ್ದ ಗೇಣಿದಾರರ ಕೂಗು ನಿಲ್ಲಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ಕೃಷಿಕೂಲಿಕಾರನು ವಾಸವಾಗಿದ್ದ ಮನೆಗೂ ಅದರ ನೆಲಕ್ಕೂ ಅವನೇ ಒಡೆಯನಾಗಲು ಹಕ್ಕು ಕೊಟ್ಟಿತು. ದಾಖಲೆಯಲ್ಲೇ ಇಲ್ಲದ ತಾಂಡಾ, ಹಟ್ಟಿಗಳ ಮನೆಗಳಿಗೆ ಅದೇ ಕಾಯಿದೆಯ ಇನ್ನೊಂದು ತಿದ್ದುಪಡಿ ದಾರಿ ಮಾಡಿತು. 2023ರ ಜನವರಿಯಲ್ಲಿ ಕಲಬುರ್ಗಿ ಸೀಮೆಯ 50 ಸಾವಿರಕ್ಕೂ ಮಿಕ್ಕಿದ ಕುಟುಂಬಗಳಿಗೆ ಹಕ್ಕುಪತ್ರ ದೊರೆಯಿತು. ಇವರೆಲ್ಲರ ಜಾತಕ ಒಂದೇ ದಿನ ಬದಲಾಯಿತೇ? ಬದಲಾದುದು ಕಾನೂನು, ಬದಲಾಯಿಸಿದುದು ಜನರ ಒತ್ತಾಯ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಮೊದಲನೆಯದು, ಪಟ್ಟಣದ ಸುತ್ತಣ ಮಂಜೂರಾದ ಬಡಾವಣೆಗಳ ಪಟ್ಟಿಯನ್ನೂ ಮಂಜೂರಾಗದವುಗಳ ಪಟ್ಟಿಯನ್ನೂ ಸರ್ವೆ ನಂಬರಿನ ಸಹಿತ ಪ್ರತಿ ಪಂಚಾಯತಿಯ ಗೋಡೆಯ ಮೇಲೆ ಬರೆಸಬೇಕು. ಎರಡನೆಯದು, ಅಕ್ರಮ ಬಡಾವಣೆಗೆ ಶಿಕ್ಷೆ ಕಲ್ಲು ನೆಟ್ಟು ಮಾರಿದವನಿಗಾಗಬೇಕು, ಕಂತು ಕಟ್ಟಿದವನಿಗಲ್ಲ. ಮೂರನೆಯದು, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1ರಿಂದ 2ಕ್ಕೆ ಏರಿತು. ತಲೆಯ ಮೇಲೊಂದು ಸೂರು ಕೊಳ್ಳುವವನಿಗೂ ಹತ್ತನೆಯ ಮನೆ ಕೊಳ್ಳುವವನಿಗೂ ಒಂದೇ ದರ ಸಲ್ಲದು. ಮೊದಲ ಮನೆಗೆ ರಿಯಾಯಿತಿ ಬೇಕು.

ಓದುಗರಲ್ಲಿ ನಮ್ಮ ಅರಿಕೆ ಇಷ್ಟೆ. ಮುಂಗಡ ಕೊಡುವ ಮುನ್ನ ಋಣಭಾರ ಪತ್ರ ತೆಗೆಸಿರಿ, ಮೂಲ ಪತ್ರ ಕೇಳಿರಿ, ಖಾತೆ ಯಾರ ಹೆಸರಿನಲ್ಲಿದೆ ನೋಡಿರಿ, ಆ ಮನೆಯ ಹೆಣ್ಣುಮಕ್ಕಳನ್ನು ಮಾತಾಡಿಸಿರಿ. ಓದು ಬಾರದಿದ್ದರೆ ನಾಚದೆ ಓದಿಸಿರಿ. ಒಂದೇ ಹೊಲದಲ್ಲಿ ಮೋಸಹೋದವರು ಬೇರೆ ಬೇರೆಯಾಗಿ ದೇವಸ್ಥಾನಕ್ಕೆ ಹೋಗುವುದಕ್ಕಿಂತ, ಒಂದೇ ಅರ್ಜಿಗೆ ಸಹಿ ಹಾಕಿ ಒಟ್ಟಾಗಿ ತಹಶೀಲ್ದಾರರ ಕಚೇರಿಗೆ ಹೋಗುವುದು ಲೇಸು.