ಪುನರ್ಪುಳಿಯ ಕೆಂಪೂ ಮನೆಯ ಸಾಬೂನೂ

ಬೇಸಗೆಯಲ್ಲಿ ಉಡುಪಿ, ಕಾರ್ಕಳದ ಕಡೆಯ ಮನೆಗಳಿಗೆ ಹೋದವರಿಗೆ ಪುನರ್ಪುಳಿಯ ಶರಬತ್ತು ದೊರೆಯುವುದುಂಟು. ಲೋಟದೊಳಗಿನ ಆ ಕೆಂಪನ್ನು ಕಂಡವರಿಗೆ, ಇದನ್ನೇ ಮನೆಯಲ್ಲಿ ತಯಾರಿಸುವ ಸಾಬೂನಿಗೂ ಏಕೆ ಹಾಕಬಾರದು ಎಂಬ ಯೋಚನೆ ಬರುವುದು ಸಹಜ. ತೆಂಗಿನೆಣ್ಣೆಗೆ ಕೊರತೆಯಿಲ್ಲದ ಈ ಸೀಮೆಯಲ್ಲಿ ಸಾಬೂನನ್ನು ತಾವೇ ಮಾಡಿಕೊಳ್ಳುವವರೂ, ಮಾಡಿ ಮಾರುವವರೂ ಇದ್ದಾರೆ. ಅದಕ್ಕೆ ಹಾಕುವ ಬಣ್ಣ ನೈಸರ್ಗಿಕವಾಗಿದ್ದರೆ ಸಾಕು, ಬೇರೇನನ್ನೂ ವಿಚಾರಿಸಬೇಕಾಗಿಲ್ಲ ಎಂಬ ನಂಬಿಕೆಯೂ ಬಲವಾಗಿದೆ. ಈ ನಂಬಿಕೆ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಬಣ್ಣದ ಹುಟ್ಟನ್ನು ಕೇಳುವ ಮೊದಲು ಅದರ ನಡತೆಯನ್ನು ಪರೀಕ್ಷಿಸಬೇಕು.

ಪರೀಕ್ಷೆ ಬಹು ಸುಲಭ. ಸಕ್ಕರೆ ಹಾಕದ ಪುನರ್ಪುಳಿಯ ನೀರನ್ನು ಗಾಜಿನ ಬಟ್ಟಲಿನಲ್ಲಿ ತೆಗೆದುಕೊಂಡು, ಅದಕ್ಕೆ ಸುಣ್ಣದ ತಿಳಿನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹೋಗಿರಿ. ಹುಳಿ ತೀರಿದಂತೆ ಕೆಂಪು ಮಾಯವಾಗಿ, ನೀಲಿ ಹಸಿರಿನ ಛಾಯೆ ತಲೆದೋರಿ, ಕೊನೆಗೆ ಮಂಕಾದ ಕಂದು ಉಳಿಯುತ್ತದೆ. ಈ ಹಣ್ಣಿನ ವರ್ಣದ್ರವ್ಯ ಆಂಥೋಸಯನಿನ್ ಎಂಬ ಗುಂಪಿಗೆ ಸೇರಿದುದು. ಆಮ್ಲದಲ್ಲಿ ಅದರ ಅಣುವಿನ ರಚನೆ ಒಂದು ತೆರನಾದರೆ ಕ್ಷಾರದಲ್ಲಿ ಇನ್ನೊಂದು ತೆರ. ರಚನೆ ಬದಲಾದೊಡನೆ ಬಣ್ಣವೂ ಬದಲಾಗುತ್ತದೆ. ದಾಸವಾಳ, ಶಂಖಪುಷ್ಪಗಳ ಬಣ್ಣವೂ ಇದೇ ಜಾತಿಯದು.

ಸಾಬೂನಾದರೋ ಕ್ಷಾರದಿಂದಲೇ ಹುಟ್ಟತಕ್ಕದ್ದು. 100 ಗ್ರಾಂ ತೆಂಗಿನೆಣ್ಣೆ ಪೂರ್ತಿಯಾಗಿ ಸಾಬೂನಾಗಲು ಸುಮಾರು 18 ಗ್ರಾಂ ಕಾಸ್ಟಿಕ್ ಸೋಡ ಬೇಕು. ಕ್ರಿಯೆ ಮುಗಿದು ಗಟ್ಟಿಯಾದ ಮೇಲೆಯೂ ಅದರ ಪಿಎಚ್ ಮಾನ 9ರಿಂದ 10ರ ಆಸುಪಾಸಿನಲ್ಲಿರುತ್ತದೆ. ಅಂತಹ ಕಡೆ ಪುನರ್ಪುಳಿಯ ಕೆಂಪು ಬದುಕಲಾರದು. ಅದೇ ಹಣ್ಣಿನ ಬೀಜದಿಂದ ತೆಗೆದ ಕೊಬ್ಬಾದರೆ ಒಳ್ಳೆಯ ಸಾಬೂನಾಗಬಲ್ಲದು!

ಅರಿಸಿನದ ಕಥೆಯೂ ಹೀಗೆಯೇ. ಅರಿಸಿನದ ನೀರಿಗೆ ಸುಣ್ಣ ಬೆರಸಿ ಆರತಿಯ ಕೆಂಪು ನೀರನ್ನು ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಹಳದಿಯಾಗಿದ್ದ ಕರ್ಕ್ಯುಮಿನ್ ಕ್ಷಾರವನ್ನು ಕೂಡಿದೊಡನೆ ಕೆಂಪಾಗುತ್ತದೆ. ಸಾಬೂನಿಗೆ ಹಾಕಿದ ಅರಿಸಿನವೂ ಕೆಂಪುಗಂದಿಗೆ ತಿರುಗುವುದು ಇದೇ ಕಾರಣದಿಂದ. ಮೇಲಾಗಿ ಅದು ಬೆಳಕಿಗೆ ಮಾಸುತ್ತದೆ. ಆದರೆ ಕಡಲೆಹಿಟ್ಟಿನ ಸ್ನಾನಚೂರ್ಣದಲ್ಲಿ ಕ್ಷಾರವಿಲ್ಲದ ಕಾರಣ ಅಲ್ಲಿ ಅದೇ ಅರಿಸಿನ ಹಳದಿಯಾಗಿಯೇ ಇರುತ್ತದೆ. ದೋಷ ಅರಿಸಿನದ್ದಲ್ಲ, ಸ್ಥಳವನ್ನರಿಯದೆ ಅದನ್ನು ಬಳಸಿದವರದು.

ಹಾಗಾದರೆ ಸಾಬೂನಿನಲ್ಲಿ ನಿಲ್ಲುವ ಬಣ್ಣ ಯಾವುದು? ಉತ್ತರ ಕಾರ್ಕಳದವರ ಕಾಲ ಕೆಳಗೇ ಇದೆ. ಅಲ್ಲಿನ ಮುರಕಲ್ಲಿನ ಕೆಂಪು ಕಬ್ಬಿಣದ ಆಕ್ಸೈಡುಗಳಿಂದ ಬಂದುದು. ವರ್ಷವರ್ಷವೂ ಸುರಿಯುವ ಮಳೆಯಾಗಲಿ, ಮಳೆ ಕಳೆದ ಮೇಲಿನ ಬಿಸಿಲಾಗಲಿ ಅದನ್ನು ಅಳಿಸಲಾರದು. ಸಾಬೂನಿನ ಕ್ಷಾರವೂ ಅಳಿಸಲಾರದು. ಹಾಗೆಂದು ಕಲ್ಲನ್ನು ಅರೆದು ಹಾಕಬಾರದು. ನೆಲದಿಂದ ತೆಗೆದ ಮಣ್ಣಿನಲ್ಲಿ ಸೀಸ, ಆರ್ಸೆನಿಕ್‌ಗಳಂತಹ ವಿಷವಸ್ತುಗಳು ಬೆರೆತಿರಬಹುದು. ಆದಕಾರಣ ಸೌಂದರ್ಯಸಾಧನಗಳಿಗೆ ಬೇಕಾದ ಕಬ್ಬಿಣದ ಆಕ್ಸೈಡನ್ನು ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸುತ್ತಾರೆ. ಮಣ್ಣಿನಲ್ಲಿ ಹುಟ್ಟಿದ್ದಕ್ಕಿಂತ ಕಾರ್ಖಾನೆಯಲ್ಲಿ ಹುಟ್ಟಿದ್ದೇ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ನಮ್ಮ ದೇಶದ ನಿಯಮಗಳೂ ಹುಟ್ಟನ್ನು ನೋಡಿ ರಿಯಾಯಿತಿ ಕೊಟ್ಟಿಲ್ಲ. ಸೌಂದರ್ಯಸಾಧನಗಳಲ್ಲಿ ಬಳಸುವ ಸಾವಯವ ಬಣ್ಣ ನೈಸರ್ಗಿಕವಾಗಿರಲಿ, ಕೃತಕವಾಗಿರಲಿ, ಅದರ ಹತ್ತು ಲಕ್ಷ ಭಾಗಗಳಲ್ಲಿ ಸೀಸ 20 ಭಾಗವನ್ನೂ ಆರ್ಸೆನಿಕ್ 2 ಭಾಗವನ್ನೂ ಮೀರತಕ್ಕದ್ದಲ್ಲ.

ಇಷ್ಟು ವಿಚಾರವೇಕೆ, ಬಣ್ಣ ಕೆಟ್ಟರೆ ಕೆಡಲಿ ಎನ್ನುವವರಿರಬಹುದು. ಆಪತ್ತು ಇರುವುದು ಆ ಮುಂದಿನ ಹೆಜ್ಜೆಯಲ್ಲಿ. ಹೂವಿನ ಬಣ್ಣ ಕಂದಾದಾಗ ನಿರಾಶನಾದವನು ಅಂಗಡಿಯ ಹೋಳಿಯ ಪುಡಿಗೋ ಬಟ್ಟೆಯ ಬಣ್ಣಕ್ಕೋ ಕೈಹಾಕಬಹುದು. ಮೊದಲೇ ಬರೆದಿಟ್ಟ 'ನೈಸರ್ಗಿಕ' ಎಂಬ ಚೀಟಿ ಮಾತ್ರ ಹಾಗೆಯೇ ಉಳಿದೀತು. ತೊಳೆದುಹೋಗುವ ಸಾಬೂನಿನಲ್ಲಿ ಒಂದು ಚಿಟಿಕೆಯಿಂದ ಏನಾದೀತು ಎಂಬ ಸಮಾಧಾನವೂ ತಕ್ಕುದಲ್ಲ. ಸಾಬೂನು ದಿನವೂ ಮೈಗೆ ತಾಗುವ ವಸ್ತು. ಎಳೆಗೂಸಿನ ಚರ್ಮಕ್ಕೂ ಕಣ್ಣಿಗೂ ತಾಗುತ್ತದೆ. ಹಣೆಗಿಡುವ ಕುಂಕುಮದ ಕೃತಕ ಬಣ್ಣದಿಂದಲೇ ಕೆಲವರ ಚರ್ಮ ಉರಿಯೂತಗೊಳ್ಳುವುದನ್ನು ವೈದ್ಯರು ಕಂಡಿದ್ದಾರೆ. ಹೆಸರೂ ಗೊತ್ತಿಲ್ಲದ ಬಣ್ಣವನ್ನು ಇನ್ನೊಬ್ಬರ ಮೈಗೆ ಹಚ್ಚುವ ಹಕ್ಕು ನಮಗಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವಿದೆ. ಉಡುಪಿಯ, ಮಣಿಪಾಲದ ಕಾಲೇಜುಗಳಲ್ಲಿ ಓದುವವರಿಗೆ ಪಿಎಚ್ ಕಾಗದವೂ ತಿಳಿದ ಅಧ್ಯಾಪಕರೂ ದೂರದಲ್ಲಿಲ್ಲ. ಅಧ್ಯಾಪಕರ ಎದುರಿನಲ್ಲಿ, ಕೈಗವಸು ತೊಟ್ಟು, ಕಣ್ಣಿಗೆ ರಕ್ಷಣೆಯ ಕನ್ನಡಕವಿಟ್ಟು, ಕಾಸ್ಟಿಕ್ ಸೋಡವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಅದಕ್ಕೆ ಹೊಯ್ಯಬಾರದೆಂಬುದನ್ನು ಮರೆಯದೆ, ಬೇರೆ ಬೇರೆ ಬಣ್ಣಗಳ ಚಿಕ್ಕ ಬಿಲ್ಲೆಗಳನ್ನು ತಯಾರಿಸಿರಿ. ಒಂದೊಂದರ ಅರ್ಧಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ತಿಂಗಳು ಇಡಿರಿ. ನಿಮ್ಮ ಮನೆ ಕಾಪುವಿನ ಕಡಲ ದಂಡೆಯಲ್ಲಿದ್ದರೆ ಬಿಸಿಲಿಗೆ ಕೊರತೆಯಿರದು. ಕಾಗದ ತೆಗೆದಾಗ ಎರಡು ಭಾಗಗಳಲ್ಲಿ ಭೇದ ಕಂಡರೆ ಆ ಬಣ್ಣ ಬೆಳಕನ್ನು ತಾಳಲಾರದೆಂದು ತಿಳಿಯಿರಿ. ಒದ್ದೆಮಾಡಿ ಬಿಳಿಯ ಬಟ್ಟೆಗೆ ಉಜ್ಜಿ, ಬಟ್ಟೆ ಬಣ್ಣ ಹಿಡಿಯುವುದೇ ನೋಡಿರಿ. ಕಂಡದ್ದನ್ನು ಬರೆದಿಟ್ಟು, ಊರಿನಲ್ಲಿ ಸಾಬೂನು ಮಾಡುವ ಅಕ್ಕಂದಿರಿಗೆ ಓದಿ ಹೇಳಿರಿ. ಆದರೆ ಈ ಪರೀಕ್ಷೆ ಬಣ್ಣದ ಬಾಳಿಕೆಯನ್ನು ಮಾತ್ರ ತಿಳಿಸುತ್ತದೆ. ಅದು ಮೈಗೆ ಹಿತವೇ ಎಂಬುದನ್ನು ಹೇಳಲಾರದೆಂಬುದನ್ನೂ ಅವರಿಗೆ ತಿಳಿಸಿರಿ.

ಕೊಳೆಯನ್ನು ತೆಗೆಯುವುದರಲ್ಲಿ ಬಣ್ಣಕ್ಕೆ ಯಾವ ಪಾತ್ರವೂ ಇಲ್ಲ; ಅದು ಕಣ್ಣಿನ ಸಂತೋಷಕ್ಕಾಗಿ ಮಾತ್ರ. ಆ ಸಂತೋಷ ಬೇಡವೆಂದು ನಾನು ಹೇಳುವುದಿಲ್ಲ. ಗುಣವನ್ನರಿತು, ಅನುಮತಿಯುಳ್ಳ ಬಣ್ಣವನ್ನು ಆರಿಸಿ, ಅದರ ಹೆಸರನ್ನು ಚೀಟಿಯ ಮೇಲೆ ಬರೆಯಿರಿ. ಅದು ಸಾಧ್ಯವಾಗದಿದ್ದರೆ ತೆಂಗಿನೆಣ್ಣೆಯ ಬಿಳಿಯ ಸಾಬೂನೇ ಲೇಸು. ಪುನರ್ಪುಳಿಯ ಕೆಂಪು ಶರಬತ್ತಿನ ಲೋಟದಲ್ಲಿಯೇ ಇರಲಿ.