ಸಹಾಯಕನೋ, ಕಾವಲುಗಾರನೋ?

'ಸಹಾಯ' ಎಂಬ ಸಂಸ್ಕೃತ ಶಬ್ದಕ್ಕೆ ಮೂಲದಲ್ಲಿ ಜೊತೆಗೆ ನಡೆಯುವವನು ಎಂಬ ಅರ್ಥ. ಹಿಂದಿನಿಂದ ನಡೆಯುವವನಿಗೆ ಆ ಹೆಸರು ಸಲ್ಲದು. ಅವನು ಹಿಂಬಾಲಕನಾಗಬಹುದು, ಇಲ್ಲವೆ ಪತ್ತೇದಾರನಾಗಬಹುದು. ತರಗತಿಯ ನಾಲ್ಕು ಗೋಡೆಗಳೊಳಗೆ ಉಳಿಯಬಹುದಾಗಿದ್ದ ಈ ಶಬ್ದಾರ್ಥದ ಚರ್ಚೆ ಈಗ ಬೀದಿಗೆ ಬರಬೇಕಾಗಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ 'ಸಹಾಯಕ'ನೆಂದು ನಾಮಕರಣ ಮಾಡಿ, ನರ್ಸು, ಕಂಡಕ್ಟರು, ಗೋದಾಮಿನ ಆಳು, ಆಸ್ಪತ್ರೆಯ ಆಯಾ ಮೊದಲಾದ ಪಾಳಿಯ ದುಡಿಮೆಗಾರರ ಫೋನಿನೊಳಗೆ ಅದನ್ನು ಇಳಿಸುವ ಉತ್ಸಾಹ ಎಲ್ಲೆಲ್ಲೂ ಕಾಣಿಸಿಕೊಂಡಿದೆ. ಅದರ ಕೆಲಸ ಸ್ಥೂಲವಾಗಿ ಇಷ್ಟು: ಸಂಸ್ಥೆಯ ನಿಯಮ, ಸುತ್ತೋಲೆ, ಕೈಪಿಡಿಗಳನ್ನು ಅದರೊಳಗೆ ತುಂಬಿಡುತ್ತಾರೆ. ಕೆಲಸಗಾರ ಬರೆದೋ ಬಾಯಿಯಲ್ಲಿ ಹೇಳಿಯೋ ಕೇಳಿದರೆ ಉತ್ತರ ಬರುತ್ತದೆ. ನಾಳೆ ಯಾರ ಪಾಳಿ, ರಜೆ ಎಷ್ಟು ಬಾಕಿ ಎಂದು ಹೇಳುತ್ತದೆ; ಪಾಳಿ ಮುಗಿಸಿದವರು ಬರುವವರಿಗೆ ಒಪ್ಪಿಸಬೇಕಾದ ವಿವರಗಳನ್ನು ಬರೆದುಕೊಳ್ಳುತ್ತದೆ.

ಈ ದುಡಿಮೆಗಾರರು ಯಾರೆಂಬುದನ್ನು, ಬೆಳಕು ಹರಿಯುವ ಮೊದಲು ಬಿ.ಸಿ.ರೋಡಿನಲ್ಲಿ ನಿಂತು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಹೆದ್ದಾರಿ ಇಲ್ಲಿ ಕವಲೊಡೆದು ಒಂದು ಶಿರಾಡಿಯ ಕಡೆಗೂ ಇನ್ನೊಂದು ಬೆಳ್ತಂಗಡಿ, ಚಾರ್ಮಾಡಿಗಳ ಕಡೆಗೂ ಹೋಗುತ್ತದೆ. ಮಂಗಳೂರಿನ ಆಸ್ಪತ್ರೆಗಳಲ್ಲಿ ರಾತ್ರಿಯೆಲ್ಲ ದುಡಿದು ಬಸ್ಸಿಳಿಯುವ ಸಿಸ್ಟರುಗಳು, ಹಗಲಿನ ಕೆಲಸಕ್ಕೆ ಅದೇ ಬಸ್ಸು ಹತ್ತುವ ಕಾವಲಿನವರು, ಡಿಪೋದಿಂದ ಮೊದಲ ಟ್ರಿಪ್ಪಿಗೆ ಹೊರಟ ಕಂಡಕ್ಟರು, ಎಲ್ಲರೂ ಇಲ್ಲಿ ಎದುರುಬದುರಾಗುತ್ತಾರೆ. 'ಪಾಳಿ' ಎಂಬುದು ನಮ್ಮ ಪುಸ್ತಕದ ಮಾತು. ಅವರ ಬಾಯಲ್ಲಿ ಅದು 'ಡ್ಯೂಟಿ'. ಆಶಾ ಕಾರ್ಯಕರ್ತೆಗಂತೂ ಪಾಳಿಯೇ ಇಲ್ಲ. ಹೆರಿಗೆಯ ನೋವು ಗಡಿಯಾರ ನೋಡಿ ಬರುವುದಿಲ್ಲವಷ್ಟೆ!

ಈ ಯಂತ್ರದಿಂದ ಪ್ರಯೋಜನವೇ ಇಲ್ಲವೆನ್ನುವವರ ಸಾಲಿನಲ್ಲಿ ನಾನು ನಿಲ್ಲುವವನಲ್ಲ. ರಾತ್ರಿ ಎರಡು ಗಂಟೆಗೆ, ಹಿರಿಯರಾರೂ ಬಳಿಯಿಲ್ಲದಾಗ, ಯಾವ ಫಾರಮು ತುಂಬಬೇಕೆಂದು ತಿಳಿಯದೆ ತಬ್ಬಿಬ್ಬಾದ ಹೊಸ ಹುಡುಗಿಗೆ ಅದು ದಾರಿ ತೋರಿಸೀತು. ರಜೆಯ ಲೆಕ್ಕಕ್ಕಾಗಿ ಗುಮಾಸ್ತನ ಮೇಜಿನ ಮುಂದೆ ಮೂರು ದಿನ ನಿಲ್ಲುವುದು ತಪ್ಪಿದರೆ ಅದೂ ಸಣ್ಣ ಉಪಕಾರವಲ್ಲ. ನನ್ನ ತಕರಾರು ಅದನ್ನು ಸ್ಥಾಪಿಸುವ ರೀತಿಯ ಮೇಲೆ. ಯಾರ ಕೈಗೆ ಕೊಡುತ್ತಾರೋ ಅವರನ್ನು ಒಂದು ಮಾತು ಕೇಳದೆ, ಅವರೊಡನೆ ಒಂದು ಕರಾರು ಬರೆಯದೆ ಕೊಡುತ್ತಾರೆ. ಇದು ಅನ್ಯಾಯವೆಂದೇ ನನ್ನ ವಾದ.

ಮೊದಲು ಭಾಷೆಯ ಮಾತು. ಕನ್ನಡ ಮೇಷ್ಟರಿಗೆ ಇದನ್ನು ಬಿಟ್ಟರೆ ಗತಿಯಿಲ್ಲ. 'ಕನ್ನಡದಲ್ಲೂ ಲಭ್ಯ' ಎಂದು ಮಾರುವವರು ಸಾರುತ್ತಾರೆ. ಯಾವ ಕನ್ನಡ? ಬಂಟ್ವಾಳ ತಾಲೂಕಿನಲ್ಲಿ ಮನೆಯ ಮಾತು ತುಳುವೋ ಬ್ಯಾರಿಯೋ ಕೊಂಕಣಿಯೋ ಆಗಿರುತ್ತದೆ, ಕಚೇರಿಗೆ ಕನ್ನಡ, ಔಷಧಿಯ ಹೆಸರಿಗೂ ಅಂಕಿಗಳಿಗೂ ಇಂಗ್ಲಿಷು. ಈ ಮೂರೂ ಒಂದೇ ವಾಕ್ಯದಲ್ಲಿ ಜಗಳವಿಲ್ಲದೆ ಸಂಸಾರ ಮಾಡುತ್ತವೆ. ತುಳುವಿನಲ್ಲಿ 'ಬಂಜಿ' ಎಂದರೆ ಹೊಟ್ಟೆ. 'ಬಂಜಿನಾಳ್' ಎಂದರೆ ಗರ್ಭಿಣಿ. ಕನ್ನಡದಲ್ಲಿ 'ಬಂಜೆ' ಎಂದರೇನೆಂದು ವಾಚಕರಿಗೆ ಗೊತ್ತೇ ಇದೆ. ಮನೆಮನೆ ತಿರುಗಿ ಬಂದ ಆಶಾ ಕಾರ್ಯಕರ್ತೆ, 'ಆ ಮನೆಯಲ್ಲಿ ಒಬ್ಬರು ಬಂಜಿನಾಳ್ ಇದ್ದಾರೆ' ಎಂದು ಫೋನಿಗೆ ಹೇಳುತ್ತಾಳೆನ್ನಿ. ಕನ್ನಡವೊಂದನ್ನೇ ಕಲಿತ ಯಂತ್ರ ಅದನ್ನು 'ಬಂಜೆ' ಎಂದು ಬರೆದುಕೊಂಡರೆ, ತಿಂಗಳು ತಿಂಗಳು ತಪಾಸಣೆಗೆ ಕರೆಸಬೇಕಾಗಿದ್ದ ಹೆಣ್ಣುಮಗಳು ಪಟ್ಟಿಯಿಂದಲೇ ಹೊರಬಿದ್ದಳು. ಹೀಗೆ ಆಗಿಯೇ ತೀರುತ್ತದೆಂದು ನಾನು ಹೇಳುತ್ತಿಲ್ಲ. ಆಗದಂತೆ ನೋಡಿಕೊಂಡವರು ಯಾರೆಂದು ಕೇಳುತ್ತಿದ್ದೇನೆ.

ತುಳುವಿಗೆ ಯಂತ್ರಲೋಕದಲ್ಲಿ ಪ್ರವೇಶವೇ ಇಲ್ಲವೆಂದಲ್ಲ. 2024ರ ಜೂನಿನಲ್ಲಿ ಗೂಗಲ್ಲಿನ ಅನುವಾದಯಂತ್ರ ಅದನ್ನು ಸೇರಿಸಿಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆಯಿತು. ಆದರೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ, ಕೊಂಕಣಿಗೆ 1992ರಲ್ಲಿ ಸಿಕ್ಕಿದ ಜಾಗ ತುಳುವಿಗೂ ಬ್ಯಾರಿಗೂ ಸಿಕ್ಕಿಲ್ಲ. ಸರ್ಕಾರದ ಹಣದಿಂದ ನಡೆಯುವ ಭಾಷಾಯಂತ್ರಗಳ ಕೆಲಸ ಅನುಸೂಚಿಯ ಭಾಷೆಗಳನ್ನೇ ಮೊದಲು ಹಿಡಿಯುವುದು ಸಹಜ. ಬೆಂಗಳೂರಿನ ಕೊಠಡಿಯಲ್ಲಿ ಸಿದ್ಧವಾದ ಕನ್ನಡವು ಮೆಲ್ಕಾರಿನ, ವಿಟ್ಲದ ಬಾಯಿಗಳನ್ನು ಎದುರಿಸುವಾಗ ಏನಾದೀತೆಂದು ಕಂಡವರಾರು?

ಇನ್ನು ಗದ್ದಲ. 2024ರಲ್ಲಿ ಅಮೆರಿಕದ ಸಂಶೋಧಕರು, ಮಾತನ್ನು ಬರಹಕ್ಕಿಳಿಸುವ 'ವಿಸ್ಪರ್' ಎಂಬ ತಂತ್ರಾಂಶವನ್ನು ಪರೀಕ್ಷಿಸಿದರು. ನೂರಕ್ಕೆ ಸುಮಾರು ಒಂದರಷ್ಟು ತುಣುಕುಗಳಲ್ಲಿ, ಯಾರೂ ಆಡದೆ ಇದ್ದ ಇಡೀ ವಾಕ್ಯಗಳನ್ನೇ ಅದು ಬರೆದಿತ್ತು. ತಡೆತಡೆದು ಮಾತಾಡುವವರ ವಿಷಯದಲ್ಲಿ ಈ ಕಟ್ಟುಕತೆ ಹೆಚ್ಚು. ಮೌನವಿದ್ದಲ್ಲಿ ಅದು ಮಾತು ಹುಟ್ಟಿಸುತ್ತದೆ. ಹನ್ನೆರಡು ಗಂಟೆಯ ದಣಿವಿನಲ್ಲಿ, ಬಸ್ಸುಗಳ ಹಾರನ್ನಿನ ನಡುವೆ ಯಾರು ತಾನೇ ತಡೆಯಿಲ್ಲದೆ ಮಾತಾಡುತ್ತಾರೆ? ಹಿಂದೊಮ್ಮೆ ನನ್ನ ಪಾಠ ಕೇಳಿದ, ಈಗ ನರ್ಸಾಗಿರುವ ಹುಡುಗಿಯೊಬ್ಬಳು ಅಂಥ ಒಂದು ಸಹಾಯಕನ ಬಗ್ಗೆ ಹೇಳಿದ ಮಾತು ಇದಕ್ಕೆ ಭಾಷ್ಯದಂತಿದೆ: 'ಸರ್, ಅದಕ್ಕೆ ಗೊತ್ತಿಲ್ಲ ಅಂತ ಹೇಳ್ಲಿಕ್ಕೇ ಗೊತ್ತಿಲ್ಲ.'

ಭಾಷೆಯ ತೊಡಕನ್ನು ಇಂದಲ್ಲ ನಾಳೆ ಬಿಡಿಸಿಯಾರು. ಯಂತ್ರಕ್ಕೆ ಆಡಿದ ಮಾತೆಲ್ಲ ದಾಖಲೆಯಾಗುವುದು ಅದಕ್ಕಿಂತ ದೊಡ್ಡ ಸಂಗತಿ. ಯಾರು ಯಾವಾಗ ಏನು ಕೇಳಿದರು, ಎಷ್ಟು ಸಲ ಕೇಳಿದರು ಎಂಬುದೆಲ್ಲ ಮೇಲಿನವರಿಗೆ ಕಾಣಿಸುವಂತಾದರೆ, ಗೊತ್ತಿಲ್ಲವೆಂದು ಕೇಳುವುದೇ ಅಪರಾಧವಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 7ನೆಯ ಕಲಮು, ಉದ್ಯೋಗದ ಉದ್ದೇಶಕ್ಕಾಗಿ ನೌಕರನ ದತ್ತಾಂಶವನ್ನು ಅವನ ಒಪ್ಪಿಗೆಯಿಲ್ಲದೆಯೂ ಬಳಸಿಕೊಳ್ಳಲು ಎಡೆಯಿಟ್ಟೇ ರಚಿತವಾಗಿದೆ. ಫೋನಿನೊಳಗಿನ ಉಪಕಾರಗಳು ಕಾವಲಾಗಿ ತಿರುಗಿದ ಅನುಭವ ನಮಗೆ ಹೊಸದೂ ಅಲ್ಲ. ಉದ್ಯೋಗಖಾತರಿಯ ಕೆಲಸದ ಸ್ಥಳಗಳಲ್ಲಿ ದಿನಕ್ಕೆರಡು ಬಾರಿ ಫೋಟೋ ತೆಗೆದು ಹಾಜರಿ ಹಾಕುವ ವ್ಯವಸ್ಥೆ 2023ರ ಜನವರಿಯಿಂದ ಕಡ್ಡಾಯವಾಯಿತು. ಮೋಸ ತಡೆಯುವುದಕ್ಕೆಂದು ಬಂದ ಆ ವ್ಯವಸ್ಥೆಯಲ್ಲಿ, ಫೋಟೋದ ಫೋಟೋ ತೆಗೆದು ಏರಿಸುತ್ತಿದ್ದಾರೆಂದು 2025ರ ಜುಲೈಯಲ್ಲಿ ಕೇಂದ್ರದ ಸಚಿವಾಲಯವೇ ಸುತ್ತೋಲೆ ಹೊರಡಿಸಬೇಕಾಯಿತು. ಕಳ್ಳನಿಗೆ ದಾರಿ ಸಿಕ್ಕಿತು. ನೆಟ್‌ವರ್ಕು ಸಿಗದ ಗುಡ್ಡದ ಮೇಲೆ ನಿಜವಾಗಿ ಮಣ್ಣು ಹೊತ್ತವರು ಫೋನನ್ನು ಆಕಾಶಕ್ಕೆ ಹಿಡಿದು ನಿಂತರು. ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕುಳಿತಾಗ, ಗೌರವಧನದ ಬೇಡಿಕೆಯ ಜೊತೆಗೆ ಇನ್ನೊಂದು ಅಳಲೂ ಇತ್ತು: ಮಾಡಿದ ಕೆಲಸ ಪೋರ್ಟಲಿನಲ್ಲಿ ದಾಖಲಾಗದಿದ್ದರೆ ಪ್ರೋತ್ಸಾಹಧನವೇ ಕೈತಪ್ಪುತ್ತದೆ ಎಂಬುದು. ಮಗು ಹುಟ್ಟಿದ್ದು ಊರಿಗೆಲ್ಲ ಗೊತ್ತು, ಪೋರ್ಟಲಿಗೆ ಮಾತ್ರ ಗೊತ್ತಿಲ್ಲ!

ತಪ್ಪಾದಾಗ ಹೊಣೆ ಯಾರದು? ಕೆನಡಾದ ವಿಮಾನ ಸಂಸ್ಥೆ ಏರ್ ಕೆನಡಾದ ಮಾತುಯಂತ್ರವು, ಬಂಧುವಿಯೋಗದಲ್ಲಿದ್ದ ಪ್ರಯಾಣಿಕನೊಬ್ಬನಿಗೆ ರಿಯಾಯಿತಿಯ ವಿಷಯದಲ್ಲಿ ತಪ್ಪು ಉತ್ತರ ಕೊಟ್ಟಿತು. ಪ್ರಕರಣ ನ್ಯಾಯಮಂಡಳಿಗೆ ಹೋದಾಗ, ಆ ಯಂತ್ರ ತನ್ನಿಂದ ಪ್ರತ್ಯೇಕ, ಅದರ ನಡತೆಗೆ ಅದೇ ಹೊಣೆ ಎಂಬ ವಾದವನ್ನು ಸಂಸ್ಥೆ ಮುಂದಿಟ್ಟಿತು! 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಆ ಮಂಡಳಿ ಇದನ್ನು ತಳ್ಳಿಹಾಕಿ ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು. ಆತ ಗಿರಾಕಿ, ಯಂತ್ರದ ಉತ್ತರದ ಚಿತ್ರವನ್ನು ತೆಗೆದಿಟ್ಟುಕೊಂಡಿದ್ದ, ದಾವೆ ಹೂಡುವ ಧೈರ್ಯವಿತ್ತು. ನಮ್ಮ ಕಂಡಕ್ಟರನಿಗೆ, ಗುತ್ತಿಗೆಯ ನರ್ಸಿಗೆ ಇವುಗಳಲ್ಲಿ ಯಾವುದಿದೆ? ಯಂತ್ರದ ಮಾತಿನಂತೆ ನಡೆದು ಕೆಟ್ಟರೆ 'ನಿನಗೆ ಸ್ವಂತ ಬುದ್ಧಿ ಇರಲಿಲ್ಲವೇ?' ಎನ್ನುತ್ತಾರೆ, ನಡೆಯದೆ ಕೆಟ್ಟರೆ 'ಯಂತ್ರ ಹೇಳಿತ್ತಲ್ಲ?' ಎನ್ನುತ್ತಾರೆ. ಎರಡು ಕಡೆಯಿಂದಲೂ ಮೆಮೊ ಬರುವುದು ಒಂದೇ ವಿಳಾಸಕ್ಕೆ.

'ಹೊಸದು ಬಂದಾಗಲೆಲ್ಲ ಹೀಗೆ ಅಡ್ಡಿ ಮಾಡುವವರು ಇದ್ದೇ ಇರುತ್ತಾರೆ' ಎಂದು ಈ ಪುಟ ಓದುತ್ತಿರುವ ಮಹನೀಯರಲ್ಲಿ ಕೆಲವರಾದರೂ ಗೊಣಗುತ್ತಿರಬಹುದು. ಅವರಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಎಷ್ಟು ಮಂದಿಯೋ! ನಮ್ಮದು ಬ್ಯಾಂಕುಗಳ ತವರು. 1906ರಲ್ಲಿ ಕೆನರಾ, ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ, ಎಲ್ಲವೂ ಈ ಕರಾವಳಿಯಲ್ಲೇ ಹುಟ್ಟಿದುವು. ಕೆಲವುಗಳ ಹೆಸರು ಈಗ ವಿಲೀನದಲ್ಲಿ ಕರಗಿಹೋಗಿರುವುದು ಬೇರೆಯ ದುಃಖ. ದೇಶದ ಬ್ಯಾಂಕುಗಳಿಗೆ ಗಣಕಯಂತ್ರ ಕಾಲಿಡುವ ಹೊತ್ತಿನಲ್ಲಿ ಏನಾಯಿತೆಂಬುದನ್ನು ಅವರು ನೆನಪಿಸಿಕೊಳ್ಳಬೇಕು. 1983ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳ ಸಂಘವೂ ನೌಕರರ ಸಂಘವೂ ಎದುರುಬದುರು ಕುಳಿತು ಒಪ್ಪಂದಕ್ಕೆ ಸಹಿ ಹಾಕಿದುವು. ಎಲ್ಲಿ, ಎಷ್ಟು ಯಂತ್ರ ಎಂಬುದಕ್ಕೆ ಮಿತಿ ಗೊತ್ತಾಯಿತು; ನಡೆಸುವವರಿಗೆ ವಿಶೇಷ ಭತ್ಯೆ ಸಿಕ್ಕಿತು. 1987ರಲ್ಲಿಯೂ 1993ರಲ್ಲಿಯೂ ಮತ್ತೆ ಮಾತುಕತೆ ನಡೆದು, ಮತ್ತೆ ಒಪ್ಪಂದಗಳಾದುವು. ಬ್ಯಾಂಕುಗಳು ಮುಳುಗಿದುವೇ? ಲೆಡ್ಜರು ಬರೆಯುತ್ತಿದ್ದ ಕೈಗಳಿಗೆ ಕಾಗದದ ಮೇಲೆ ಭರವಸೆ ಕೊಟ್ಟ ಮೇಲೆ ತಾನೇ ಯಂತ್ರ ಬಂದದ್ದು? ಅಂದು ನಮಗೆ ನ್ಯಾಯವಾಗಿ ಕಂಡದ್ದು, ಇಂದು ರಾತ್ರಿ ಡ್ಯೂಟಿಯ ಹುಡುಗಿ ಕೇಳಿದರೆ ಅಡ್ಡಿಯಾಗಿ ಕಾಣುವುದು ಯಾವ ತರ್ಕ?

ಯಂತ್ರವನ್ನು ಕೂರಿಸುವವರು ಮೊದಲು ಡಿಪೋದ ಬೆಂಚಿನ ಮೇಲೆ, ವಾರ್ಡಿನ ಹೊರಗೆ ಕೂರಲಿ. ಕೆಲಸದಲ್ಲಿ ಏಳುವ ಪ್ರಶ್ನೆಗಳನ್ನು, ಅವರು ಆಡಿದ ಮಾತಿನಲ್ಲೇ ಬರೆದುಕೊಳ್ಳಲಿ. ಯಂತ್ರದ ಉತ್ತರಗಳನ್ನು ತಿದ್ದುವ ಅಧಿಕಾರ ಅವರದಾಗಲಿ. ತಿದ್ದುವ ಹೊತ್ತೂ ಡ್ಯೂಟಿಯ ಹೊತ್ತೆಂದು ಸಂಬಳಕ್ಕೆ ಸೇರಲಿ. ಅದನ್ನು ಕೇಳಿದ ಪ್ರಶ್ನೆ ಶಿಸ್ತುಕ್ರಮದ ಸಾಕ್ಷಿಯಾಗಕೂಡದೆಂದೂ, ಅದರ ಮಾತು ನಂಬಿ ನಡೆದವರ ಮೇಲೆ ಹೊಣೆ ಹೊರಿಸಕೂಡದೆಂದೂ ಬರೆದು ಸಹಿ ಹಾಕಲಿ. ಇಷ್ಟಕ್ಕೆ ಒಪ್ಪದವರ ಸಹಾಯಕ ಅವರ ಬಳಿಯೇ ಇರಲಿ.

ಕಾನೂನು ಇಂಥದಕ್ಕೆ ಸಂಪೂರ್ಣ ಕಣ್ಣು ಮುಚ್ಚಿದೆಯೆನ್ನಲಾಗದು. ಪಾಳಿ, ಕೆಲಸದ ವೇಳೆ ಮುಂತಾದ ಗೊತ್ತಾದ ವಿಷಯಗಳಲ್ಲಿ ಬದಲಾವಣೆ ಮಾಡಬೇಕಾದರೆ ಮೊದಲೇ ನೋಟೀಸು ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆ ವಿಧಿಸಿತ್ತು. ಅದರ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ 21 ದಿನಗಳ ಆ ನೋಟೀಸು ಉಳಿದಿದೆ. ಫೋನಿನೊಳಗಿನ ಸಹಾಯಕ ಆ ಪಟ್ಟಿಗೆ ಸೇರುತ್ತಾನೋ ಇಲ್ಲವೋ, ವಕೀಲರು ವಾದಿಸಲಿ. ಕಂಡಕ್ಟರನಿಗೆ ಡಿಪೋದ ಗೋಡೆಯ ಮೇಲಾದರೂ ನೋಟೀಸು ಅಂಟಿಸಬಹುದು. ಸರ್ಕಾರದ ಲೆಕ್ಕದಲ್ಲಿ ಸ್ವಯಂಸೇವಕಿಯಾಗಿರುವ ಆಶಾ ಕಾರ್ಯಕರ್ತೆಗೆ ಡಿಪೋವೂ ಇಲ್ಲ, ಗೋಡೆಯೂ ಇಲ್ಲ. ಅವಳಿಗೆ ಬರುವುದು ವಾಟ್ಸಾಪಿನಲ್ಲಿ ಒಂದು ಕೊಂಡಿ. ಅದರ ಕೆಳಗೆ, 'ಇಂದೇ ಇಳಿಸಿಕೊಳ್ಳತಕ್ಕದ್ದು' ಎಂಬ ಒಂದು ಸಾಲು.