ಕಾಯುವ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ

ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಾಗಲೆಲ್ಲ ಸುದ್ದಿ ಒಂದೇ: ಸಂಚಾರ ಸ್ಥಗಿತ, ಪ್ರಯಾಣಿಕರ ಪರದಾಟ. ಕಿಲೋಮೀಟರುಗಟ್ಟಲೆ ನಿಂತ ಲಾರಿಗಳ ಮಾತು ಅಲ್ಲಿಗೇ ಮುಗಿಯುತ್ತದೆ. 2018ರ ಆಗಸ್ಟ್‌ನಲ್ಲಿ ಹೆದ್ದಾರಿಯೂ ಮುಚ್ಚಿತು, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ಮುಚ್ಚಿತು. 2024ರ ಜುಲೈನಲ್ಲಿ ಮತ್ತೆ ಅದೇ ಆಯಿತು. ದೊಡ್ಡತಪ್ಪಲೆಯಲ್ಲಿ ಮಣ್ಣು ರಸ್ತೆಗೆ ಬಿತ್ತು, ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ನೆಲವೇ ಜಾರಿತು. ನವ ಮಂಗಳೂರು ಬಂದರಿಗೂ ಬೆಂಗಳೂರಿಗೂ ನಡುವಿನ ಸರಕು ಬಹುಮಟ್ಟಿಗೆ ಈ ಎರಡು ಎಳೆಗಳಿಗೆ ಜೋತುಬಿದ್ದಿದೆ.

ಈ ಸರಕು ಸಾಗಣೆ ವ್ಯವಸ್ಥೆ ಹೇಗೆ ನಡೆಯುತ್ತಿದೆ ಎಂದು ಅಳೆಯುವವರು ಇದ್ದಾರೆ. ಕೇಂದ್ರ ವಾಣಿಜ್ಯ ಸಚಿವಾಲಯ 2018ರಿಂದ ರಾಜ್ಯಗಳ ಸರಕು ಸಾಗಣೆಯನ್ನು ಅಳೆಯುವ 'ಲೀಡ್ಸ್' ಎಂಬ ಸೂಚ್ಯಂಕ ಹೊರತರುತ್ತಿದೆ. 2023ರಲ್ಲಿ ಕರಾವಳಿ ರಾಜ್ಯಗಳ ಪೈಕಿ ಕರ್ನಾಟಕ ಸಾಧಕರ ಗುಂಪಿನಲ್ಲಿತ್ತು. ಅದೇ ವರ್ಷ ವಿಶ್ವಬ್ಯಾಂಕಿನ ಸರಕು ಸಾಗಣೆ ಪಟ್ಟಿಯಲ್ಲಿ ಭಾರತ 38ನೇ ಸ್ಥಾನಕ್ಕೆ ಏರಿತು. ಈ ಅಂಕಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ವರ್ಷಕ್ಕೊಂದು ಅಂಕ ಕೊಟ್ಟರೆ ಜುಲೈ–ಆಗಸ್ಟ್‌ನ ಘಾಟಿ ಅದರೊಳಗೆ ಕರಗಿಹೋಗುತ್ತದೆ. ಸರಾಸರಿಯಲ್ಲಿ ಇಷ್ಟು ಗಂಟೆ ಎಂದು ಹೇಳಿದರೆ ಕಾಫಿ ರಫ್ತು ಮಾಡುವವನಿಗೆ ಏನು ಬಂತು? ಹಡಗು ಹೊರಡುವ ದಿನ ತನ್ನ ಕಂಟೇನರ್ ತಲುಪೀತೇ ಎಂಬುದೊಂದೇ ಅವನ ಪ್ರಶ್ನೆ.

ಅದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ಯಾವುದಾದರೂ ಕೈಗಾರಿಕಾ ಪ್ರದೇಶದ ಗೇಟಿನ ಹೊರಗೆ ನಡುಮಧ್ಯಾಹ್ನ ಹೋಗಿ ನೋಡಿ. ಸಾಲಾಗಿ ಲಾರಿಗಳು. ಎರಡು ಚಕ್ರಗಳ ನಡುವಿನ ನೆರಳಿನಲ್ಲಿ ಸಣ್ಣ ಸ್ಟೌ, ಅದರ ಮೇಲೆ ಮಸಿ ಹಿಡಿದ ಕುಕ್ಕರ್. ಚಾಸಿಯ ಅಡಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ಒಬ್ಬ ಚಾಲಕ ಮಲಗಿದ್ದಾನೆ. ಗೇಟಿನಿಂದ ಸೀಟಿ ಕೇಳಿದರೆ ಎದ್ದು ಓಡಬೇಕು, ಹಾಗಾಗಿ ಅದು ನಿದ್ದೆಯೂ ಅಲ್ಲ. ಶೌಚಾಲಯ ಒಳಗಿದೆ, ಅವನಿಗೆ ಪ್ರವೇಶವಿಲ್ಲ. ಅನ್‌ಲೋಡ್ ಇವತ್ತೋ ನಾಳೆಯೋ ಯಾರೂ ಹೇಳುವುದಿಲ್ಲ. ಕಾಯಿಸಿದ್ದಕ್ಕೆ ಕೊಡುವ ಹಾಲ್ಟಿಂಗ್ ದುಡ್ಡು ಸಿಕ್ಕರೂ ಅದು ಮಾಲೀಕನ ಲೆಕ್ಕಕ್ಕೆ. ಇವನಿಗೆ ಕೂಲಿ ಟ್ರಿಪ್ಪಿನ ಮೇಲೆ. ಕಾದ ಹೊತ್ತು ಪುಕ್ಕಟೆ ಹೋದ ಹೊತ್ತು. ಕಳೆದುಕೊಂಡ ಆ ಗಂಟೆಗಳನ್ನು ಅವನು ಎಲ್ಲಿ ತುಂಬಿಕೊಳ್ಳಬೇಕು? ರಾತ್ರಿಯ ರಸ್ತೆಯಲ್ಲಿ, ಕಣ್ಣು ಎಳೆಯುತ್ತಿರುವಾಗ, ಘಾಟಿಯ ಇಳಿಜಾರಿನಲ್ಲಿ ತುಂಬಿಕೊಳ್ಳುತ್ತಾನೆ. ಗೇಟಿನ ಮುಂದೆ ನಾವು ವ್ಯರ್ಥ ಮಾಡಿಸಿದ ಹಗಲು ಬೆಳಗಿನ ಜಾವದ ಅಪಘಾತವಾಗಿ ಬರುತ್ತದೆ. ಎಫ್‌ಐಆರ್‌ನಲ್ಲಿ ಕಾರಣ ಮಾತ್ರ ಚಾಲಕನ ಅಜಾಗರೂಕತೆ.

ಕಾನೂನು ಇಲ್ಲವೆಂದೇನಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಅಥವಾ ಹೆಚ್ಚು ನೌಕರರಿದ್ದ ಸಂಸ್ಥೆಗಳಿಗೆ. ಒಂದೆರಡು ಲಾರಿ ಇಟ್ಟುಕೊಂಡವರೇ ತುಂಬಿರುವ ಈ ದಂಧೆಯಲ್ಲಿ ಎಷ್ಟು ಚಾಲಕರು ಆ ಲೆಕ್ಕಕ್ಕೆ ಸಿಗುತ್ತಿದ್ದರು? ಸರಕಿಗಾದರೆ ಜಿಎಸ್‌ಟಿಯ ಇ-ವೇ ಬಿಲ್‌ನ ಗಡುವಿದೆ, 200 ಕಿ.ಮೀ.ಗೆ ಒಂದು ದಿನ. ಅದನ್ನು ಹೊತ್ತು ತರುವವನನ್ನು ಕಾಯಿಸುವುದಕ್ಕೆ ಯಾವ ಗಡುವೂ ಇಲ್ಲ.

ಸಾಗಿದ ಸರಕಿನ ಟನ್ ಒಂದನ್ನೇ ನೋಡುವ ಕಣ್ಣಿಗೆ ಏನು ತಪ್ಪಿಹೋಗುತ್ತದೆ ಎಂಬುದನ್ನು ಪೆರ್ನೆಯವರು ಬಲ್ಲರು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಸಮೀಪದ ಆ ಊರಿನಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಹೊತ್ತಿಕೊಂಡಿತು. ರಸ್ತೆ ಬದಿಯ ಮನೆಗಳಲ್ಲಿದ್ದ ಜನ ಸುಟ್ಟು ಸತ್ತರು. ಆಮೇಲೆ ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ ಎಲ್‌ಪಿಜಿ ಪೈಪ್‌ಲೈನ್ ಬಂತು. ರಸ್ತೆಯಲ್ಲಿ ಬಂದರೂ ಕೊಳವೆಯಲ್ಲಿ ಬಂದರೂ ತಲುಪುವ ಅನಿಲ ಅಷ್ಟೇ, ಟನ್ ಲೆಕ್ಕದಲ್ಲಿ ಎರಡಕ್ಕೂ ಒಂದೇ ಅಂಕ. ರಸ್ತೆ ಬದಿ ಮನೆ ಮಾಡಿಕೊಂಡವನಿಗೆ ಮಾತ್ರ ಅದು ಜೀವದ ವ್ಯತ್ಯಾಸ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಸರಕು ಸಾಗಣೆ ಎಷ್ಟು ದಕ್ಷ ಎಂದು ಹೇಳುವ ಪುಟದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಆಯಾ ಮಾರ್ಗದ ಸಾವಿನ ಸಂಖ್ಯೆಯನ್ನೂ ಅಚ್ಚು ಮಾಡಬೇಕು. ಬೇರೆ ಇಲಾಖೆಯ ಬೇರೆ ವರದಿಯಲ್ಲಿದೆ ಎಂಬ ಸಮಾಧಾನ ನನಗೆ ಬೇಡ, ನಿಮಗೂ ಬೇಡ.

ಅಂಕಿಅಂಶ ಎಲ್ಲಿಂದ ತರುವುದು ಎಂಬ ನೆಪ ಇನ್ನು ನಡೆಯದು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಯಾವ ಲಾರಿ ಯಾವ ಟೋಲ್ ದಾಟಿದ್ದು ಎಷ್ಟು ಹೊತ್ತಿಗೆ ಎಂಬುದು ಸೆಕೆಂಡಿನ ಲೆಕ್ಕದಲ್ಲಿದೆ. ರಾಜ್ಯದೊಳಗಿನ ಸಾಗಣೆಗೆ ಇ-ವೇ ಬಿಲ್ ಮೊದಲು ತಂದದ್ದೇ ನಾವು, 2018ರ ಏಪ್ರಿಲ್‌ನಲ್ಲಿ. ತೆರಿಗೆ ತಪ್ಪಿಸುವವನನ್ನು ಹಿಡಿಯಲು ಬಳಸುವ ಇದೇ ದಾಖಲೆಯಿಂದ, ಮಳೆಗಾಲದಲ್ಲಿ ಹಾಸನ–ಮಂಗಳೂರು ಹಾದಿ ಎಷ್ಟು ದಿನ ಕೈಕೊಟ್ಟಿತು ಎಂದು ತಿಂಗಳು ತಿಂಗಳೂ ಹೇಳಲು ಸರ್ಕಾರಕ್ಕೆ ಸಾಧ್ಯವಿದೆ. ಹೇಳಲಿ.

ಟೋಲಿಗೆ ಕಾಣದ್ದು ಗೇಟಿನ ಮುಂದಿನ ಕಾಯುವಿಕೆ. ಅದಕ್ಕೆ ಕಂಪ್ಯೂಟರ್ ಕೂಡ ಬೇಕಿಲ್ಲ. ಕಾರ್ಖಾನೆ ನಡೆಸುವವರೇ, ಗೋದಾಮು, ಎಪಿಎಂಸಿ, ಬಂದರು ನಡೆಸುವವರೇ, ನಿಮ್ಮ ಗೇಟಿಗೆ ಲಾರಿ ಬಂದ ಹೊತ್ತು, ಒಳಗೆ ಬಿಟ್ಟ ಹೊತ್ತು, ಖಾಲಿಯಾಗಿ ಹೊರಟ ಹೊತ್ತು, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಮೊಹರು ಹಾಕಿ ಚಾಲಕನ ಕೈಗೆ ಕೊಡಿ. ಕಾದ ಗಂಟೆಗೆ ಅವನ ಹೆಸರಿನಲ್ಲೇ ದುಡ್ಡು ಕೊಡಿ. ಒಳಗಿರುವ ಶೌಚಾಲಯದ ಬಾಗಿಲು ತೆರೆಯಿರಿ. ಆದೇಶ ಬರಲಿ ಎಂದು ಕಾಯಬೇಡಿ, ನಾಳೆ ಬೆಳಿಗ್ಗೆ ಬರುವ ಮೊದಲ ಲಾರಿಯಿಂದಲೇ ಶುರು ಮಾಡಿ.